ಬಿಳಿ ಕಾಗದ, ಬಣ್ಣದ ಹೊದಿಕೆ: ಟಿಶ್ಯೂ ಪೊಟ್ಟಣಗಳ ಬಗ್ಗೆ ಗ್ರಾಹಕರನ್ನು ಕೇಳುವುದು ಹೇಗೆ?

ಈ ಉಪನ್ಯಾಸದ ವಿಷಯವನ್ನು ಆಹ್ವಾನ ಪತ್ರಿಕೆಯಲ್ಲಿ ಓದಿದ ಕೆಲವರಿಗೆ ನಗು ಬಂದಿದ್ದರೆ ಆಶ್ಚರ್ಯವಿಲ್ಲ. ಮುಖ ಒರೆಸುವ ಟಿಶ್ಯೂ, ಊಟದ ಮೇಜಿನ ಪೇಪರ್ ನ್ಯಾಪ್‌ಕಿನ್, ಅಡುಗೆಮನೆಯ ಕಿಚನ್ ರೋಲ್, ಶೌಚಾಲಯದ ಟಾಯ್ಲೆಟ್ ರೋಲ್ ಇವುಗಳ ಪೊಟ್ಟಣ ಹೇಗಿರಬೇಕೆಂದು ಜನರನ್ನು ಕೇಳಿ ತಿಳಿದುಕೊಳ್ಳುವುದಕ್ಕೆ ಸಂಶೋಧನೆ ಎಂಬ ದೊಡ್ಡ ಹೆಸರು ಬೇಕೇ ಎಂಬ ಸಂದೇಹ ಸಹಜವಾದದ್ದೇ. ಆದರೆ ಈ ಸರಕಿಗೆ ಒಂದು ವಿಚಿತ್ರ ಗುಣವಿದೆ. ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಬಹುದು, ಸೀರೆಯ ಸೆರಗನ್ನು ಬೆರಳುಗಳ ನಡುವೆ ಹೊಸೆದು ನೋಡಬಹುದು. ಟಿಶ್ಯೂ ಕಾಗದವನ್ನು ಮಾತ್ರ ಕೊಳ್ಳುವ ಮುನ್ನ ಯಾರೂ ಬಿಚ್ಚಿ ನೋಡುವಂತಿಲ್ಲ, ಏಕೆಂದರೆ ಬಿಚ್ಚಿದ ಪ್ಯಾಕೆಟ್ಟನ್ನು ಮತ್ತೊಬ್ಬರು ಮುಟ್ಟುವುದಿಲ್ಲ. ಬಿಚ್ಚಿದರೂ ಕಾಣುವುದು ಬಿಳಿಯ ಹಾಳೆ, ಪಕ್ಕದ ಕಂಪನಿಯದೂ ಬಿಳಿಯ ಹಾಳೆಯೇ. ಹೀಗಾಗಿ ಕೊಳ್ಳುವವರ ಕಣ್ಣಿಗೆ ಬೀಳುವ ಸರಕೆಂದರೆ ಅದರ ಹೊದಿಕೆ. ಆ ಹೊದಿಕೆಯ ಬಗ್ಗೆ ಸುಮಾರು ನೂರೈವತ್ತು ವರ್ಷಗಳಲ್ಲಿ ಕಂಪನಿಗಳು ಕಲಿತದ್ದರಲ್ಲಿ ಬಹುಪಾಲು, ‘ನಿಮಗೆ ಯಾವುದು ಇಷ್ಟ’ ಎಂಬ ನೇರ ಪ್ರಶ್ನೆಯಿಂದ ಬಂದದ್ದಲ್ಲ ಎಂಬುದೇ ನಾನು ಇಂದು ಹೇಳಹೊರಟಿರುವ ಮಾತು.

ಮೊದಲಿಗೆ ಸಂಕೋಚದ ಕಥೆ. 1857ರಲ್ಲಿ ಅಮೆರಿಕದ ಜೋಸೆಫ್ ಗಯೆಟ್ಟಿ ಎಂಬಾತ ಶೌಚಕ್ಕೆಂದೇ ತಯಾರಿಸಿದ ಕಾಗದವನ್ನು ಐನೂರು ಹಾಳೆಗಳ ಕಟ್ಟಾಗಿ ಐವತ್ತು ಸೆಂಟಿಗೆ ಮಾರಲು ಹೊರಟ. ಪ್ರತಿ ಹಾಳೆಯಲ್ಲೂ ತನ್ನ ಹೆಸರಿನ ನೀರಚ್ಚು (ವಾಟರ್‌ಮಾರ್ಕ್) ಹಾಕಿಸಿದ್ದ. ಹಳೆಯ ಪಂಚಾಂಗ, ಅಂಗಡಿಗಳ ಬೆಲೆಪಟ್ಟಿಯ ಪುಸ್ತಕಗಳನ್ನು ಮೊಳೆಗೆ ನೇತುಹಾಕಿಕೊಂಡು ಪುಕ್ಕಟೆಯಾಗಿ ಕೆಲಸ ಸಾಗಿಸುತ್ತಿದ್ದ ಜನರಿಗೆ ಇದಕ್ಕೂ ದುಡ್ಡು ಕೊಡಬೇಕೆಂಬುದು ರುಚಿಸಲಿಲ್ಲ. ಮುಂದೆ 1879ರಲ್ಲಿ ಫಿಲಡೆಲ್ಫಿಯಾದಲ್ಲಿ ಆರಂಭವಾದ ಸ್ಕಾಟ್ ಪೇಪರ್ ಕಂಪನಿ ತದ್ವಿರುದ್ಧ ದಾರಿ ಹಿಡಿಯಿತು. ಆ ಕಾಲದ ಮರ್ಯಾದಸ್ಥರು ಬಾಯಿಬಿಟ್ಟು ಕೇಳಲು ನಾಚುತ್ತಿದ್ದ ವಸ್ತುವಿನ ಮೇಲೆ ತನ್ನ ಮನೆತನದ ಹೆಸರು ಹಾಕಿಕೊಳ್ಳದೆ, ಕಾಗದವನ್ನು ಕತ್ತರಿಸಿ ಸುತ್ತಿ, ಕೊಳ್ಳುವ ವ್ಯಾಪಾರಿಗಳ ಹೆಸರಿನ ಹೊದಿಕೆಯಲ್ಲಿ ಕಟ್ಟಿಕೊಟ್ಟಿತು. ಹೀಗೆ ಎರಡು ಸಾವಿರದಷ್ಟು ಬೇರೆ ಬೇರೆ ಹೆಸರುಗಳಲ್ಲಿ ಒಂದೇ ಕಾರ್ಖಾನೆಯ ಸರಕು ಮಾರಾಟವಾಯಿತು. ಜರ್ಮನಿಯಲ್ಲಿ 1928ರಲ್ಲಿ ಹಾನ್ಸ್ ಕ್ಲೆಂಕ್ ಆರಂಭಿಸಿದ ಹಾಕ್ಲೆ ಕಂಪನಿಯ ಜಾಹೀರಾತಂತೂ ಸಂಕೋಚವನ್ನೇ ಬಂಡವಾಳ ಮಾಡಿಕೊಂಡಿತ್ತು. ಒಂದು ರೋಲ್ ಹಾಕ್ಲೆ ಕೊಡಿ ಎಂದರೆ ಸಾಕು, ಟಾಯ್ಲೆಟ್ ಪೇಪರ್ ಎಂದು ಹೇಳುವ ಅಗತ್ಯ ಬೀಳುವುದಿಲ್ಲ ಎಂಬುದು ಅದರ ಸಾರಾಂಶ.

ಇದೇ ಸಂಕೋಚವನ್ನು ಅಳೆದು ನೋಡಿದ ಒಂದು ಅಧ್ಯಯನವನ್ನು ನಾನು ಈ ಕ್ಷೇತ್ರದ ಅತ್ಯುತ್ತಮ ಕೆಲಸಗಳಲ್ಲಿ ಒಂದೆಂದು ಎಣಿಸುತ್ತೇನೆ. ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಕಟ್ಟಲು ಬಳಸಿದ, ಮರದ ತಿರುಳಿನಿಂದ ಮಾಡಿದ ಮೆತ್ತನೆಯ ಹಾಳೆಗಳನ್ನು ಕಿಂಬರ್ಲಿ-ಕ್ಲಾರ್ಕ್ ಕಂಪನಿ 1920ರ ಹೊತ್ತಿಗೆ ಕೋಟೆಕ್ಸ್ ಎಂಬ ಹೆಸರಿನಲ್ಲಿ ಸ್ಯಾನಿಟರಿ ಪ್ಯಾಡ್ ಆಗಿ ಮಾರಲಾರಂಭಿಸಿತು. ಗಂಡಸರೇ ನಿಂತಿರುತ್ತಿದ್ದ ಔಷಧಿ ಅಂಗಡಿಗಳಲ್ಲಿ ಅದನ್ನು ಕೇಳುವುದು ಹೆಂಗಸರಿಗೆ ಕಷ್ಟವಾಯಿತು. ಆದ್ದರಿಂದ ಪೊಟ್ಟಣಗಳನ್ನು ಸಾದಾ ಕಾಗದದಲ್ಲಿ ಮೊದಲೇ ಸುತ್ತಿ ಕೌಂಟರಿನ ಮೇಲಿಟ್ಟು, ಪಕ್ಕದಲ್ಲೊಂದು ದುಡ್ಡು ಹಾಕುವ ಡಬ್ಬಿಯನ್ನು ಇಡುವ ಏರ್ಪಾಡು ಬಂತು. 1927ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಇದೇ ಸರಕಿನ ಬಗ್ಗೆ ವರದಿ ಕೊಡುವಂತೆ ಲಿಲಿಯನ್ ಗಿಲ್‌ಬ್ರೆತ್ ಅವರನ್ನು ಕೇಳಿಕೊಂಡಿತು. ಕೈಗಾರಿಕಾ ಎಂಜಿನಿಯರ್ ಆಗಿಯೂ ಮನಶ್ಶಾಸ್ತ್ರಜ್ಞೆಯಾಗಿಯೂ ಹೆಸರು ಮಾಡಿದ್ದ ಅವರು ಸಾವಿರಕ್ಕೂ ಹೆಚ್ಚು ಹೆಂಗಸರಿಂದ ಉತ್ತರಗಳನ್ನು ಪಡೆದರು. ಅವರು ಇಷ್ಟಾನಿಷ್ಟಗಳನ್ನಷ್ಟೇ ಕೇಳದೆ, ಕೊಂಡು ತಂದ ಮೇಲೆ ಅದನ್ನು ಏನು ಮಾಡುತ್ತೀರಿ ಎಂಬುದನ್ನೂ ವಿಚಾರಿಸಿದ್ದರಿಂದ, ಅನೇಕರು ಪ್ಯಾಡನ್ನು ಬಿಚ್ಚಿ, ಕತ್ತರಿಸಿ, ತಮಗೆ ಒಗ್ಗುವಂತೆ ತಿದ್ದಿಕೊಳ್ಳುತ್ತಿದ್ದಾರೆಂಬ ಸಂಗತಿ ಬೆಳಕಿಗೆ ಬಂತು. ಮರುವರ್ಷ ಅದೇ ಕಂಪನಿ ತನ್ನ ಮೋಡೆಸ್ ಪ್ಯಾಡಿನ ಜಾಹೀರಾತಿನಲ್ಲಿ ಒಂದು ಚೀಟಿಯನ್ನು ಅಚ್ಚು ಹಾಕಿತು. ಅದನ್ನು ಕತ್ತರಿಸಿಕೊಂಡು ಹೋಗಿ ಅಂಗಡಿಯವರ ಕೈಗೆ ಕೊಟ್ಟರೆ ಒಂದು ಮಾತೂ ಆಡದೆ ಪೊಟ್ಟಣ ಪಡೆಯಬಹುದಾಗಿತ್ತು. ನಮ್ಮೂರುಗಳ ಮೆಡಿಕಲ್ ಶಾಪಿನಲ್ಲಿ ಇಂದಿಗೂ ಪ್ಯಾಡಿನ ಪ್ಯಾಕೆಟ್ಟನ್ನು ದಿನಪತ್ರಿಕೆಯಲ್ಲಿ ಸುತ್ತಿಯೋ ಕಪ್ಪು ಕವರಿಗೆ ಹಾಕಿಯೋ ಕೊಡುತ್ತಾರಲ್ಲ, ಅಲ್ಲಿ ಕಂಪನಿ ಮಾಡಿದ ಹೊದಿಕೆಯ ಮೇಲೆ ಅಂಗಡಿಯವರು ಇನ್ನೊಂದು ಹೊದಿಕೆ ಹಾಕುತ್ತಿದ್ದಾರೆ. ಹೊರಗಿನ ಆ ಹೊದಿಕೆ ಯಾವ ಸಮೀಕ್ಷೆಯ ಪಟ್ಟಿಯಲ್ಲೂ ಇರುವುದಿಲ್ಲ, ಏಕೆಂದರೆ ಅದನ್ನು ಕಂಪನಿ ತಯಾರಿಸುವುದಿಲ್ಲ.

ಕೇಳಿ ತಿಳಿಯುವುದು ಎಂದೂ ಫಲ ಕೊಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಸರಿಯಾದ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕ ಪ್ರಸಿದ್ಧ ನಿದರ್ಶನವೂ ಟಿಶ್ಯೂವಿನದೇ. 1924ರಲ್ಲಿ ಅದೇ ಕಿಂಬರ್ಲಿ-ಕ್ಲಾರ್ಕ್ ಕಂಪನಿಯ ಕ್ಲೀನೆಕ್ಸ್ ಎಂಬ ಟಿಶ್ಯೂ ಮಾರುಕಟ್ಟೆಗೆ ಬಂದದ್ದು ಹೆಂಗಸರು ಮುಖಕ್ಕೆ ಹಚ್ಚಿದ ಕೋಲ್ಡ್ ಕ್ರೀಮನ್ನು ಒರೆಸಿಕೊಳ್ಳುವುದಕ್ಕೆ. ಜನ ಅದರಲ್ಲಿ ಮೂಗು ಸೀಟಿಕೊಳ್ಳುತ್ತಿದ್ದಾರೆಂದು ಪತ್ರಗಳು ಬರತೊಡಗಿದಾಗ, ಕಂಪನಿ ಇಲಿನಾಯ್ಸ್ ರಾಜ್ಯದ ಪಿಯೋರಿಯಾ ಪಟ್ಟಣದ ಪತ್ರಿಕೆಯಲ್ಲಿ ಎರಡು ಬಗೆಯ ಜಾಹೀರಾತು ಹಾಕಿ ಓದುಗರ ಉತ್ತರಕ್ಕೆ ಕಾಯಿತು. ಒಂದು ಜಾಹೀರಾತು ಕ್ರೀಮು ಒರೆಸುವ ಹಾಳೆ ಎಂದರೆ, ಇನ್ನೊಂದು ಬಿಸಾಡಬಹುದಾದ ಕರವಸ್ತ್ರ ಎಂದಿತು. ಉತ್ತರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರವಸ್ತ್ರದ ಕಡೆಗಿದ್ದರು. ಇಲ್ಲಿ ಪ್ರಶ್ನೆಯಿದ್ದದ್ದು ರುಚಿಯ ಬಗ್ಗೆಯಲ್ಲ, ಬಳಕೆಯ ಬಗ್ಗೆ. ಬಳಕೆ ತಿಳಿದ ಮೇಲೆ ಪೆಟ್ಟಿಗೆಗೆ ಅರ್ಥ ಬಂತು: ಮೂಗು ಸೋರುತ್ತಿರುವವನಿಗೆ ಒಂದೇ ಕೈಯಲ್ಲಿ, ನೋಡದೆಯೇ, ಒಂದು ಹಾಳೆ ಎಳೆದುಕೊಳ್ಳಲು ಬರಬೇಕು. ಒಂದನ್ನೆಳೆದರೆ ಮುಂದಿನದು ತಲೆ ಎತ್ತುವ ಹಾಗೆ ಹಾಳೆಗಳನ್ನು ಒಂದರೊಳಗೊಂದು ಮಡಿಚಿಡುವ ಪೆಟ್ಟಿಗೆ 1920ರ ದಶಕದ ಕೊನೆಯಲ್ಲಿ ಬಂದದ್ದು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಅಲ್ಲಿಂದ ಮುಂದೆ ಪೆಟ್ಟಿಗೆ ಬೀರುವಿನೊಳಗಿನಿಂದ ಮೇಜಿನ ಮೇಲಕ್ಕೆ, ಕಾರಿನ ಹಿಂಬದಿಯ ಗಾಜಿನ ಬುಡಕ್ಕೆ ಬಂದು ಕೂತಿತು. ಮನೆಗೆ ಬಂದವರು ನೋಡುವ ವಸ್ತುವಾದ್ದರಿಂದ ಅದರ ಮೇಲೆ ಹೂವು, ಬಳ್ಳಿ, ಹಣ್ಣಿನ ಹೋಳಿನ ಚಿತ್ರಗಳೆಲ್ಲ ಬಂದವು.

ಈಗ ಸ್ಪರ್ಶದ ವಿಚಾರಕ್ಕೆ ಬರೋಣ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಪಟ್ಟಣದಲ್ಲಿ 1928ರಲ್ಲಿ ಹುಟ್ಟಿದ ಚಾರ್ಮಿನ್ ಎಂಬ ಟಾಯ್ಲೆಟ್ ಪೇಪರನ್ನು 1957ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕೊಂಡುಕೊಂಡಿತು. 1964ರಿಂದ ಎರಡು ದಶಕಗಳ ಕಾಲ ಅದರ ಟೀವಿ ಜಾಹೀರಾತಿನಲ್ಲಿ ಮಿಸ್ಟರ್ ವಿಪಲ್ ಎಂಬ ಅಂಗಡಿಯವನು, ಪ್ಯಾಕೆಟ್ಟನ್ನು ಹಿಸುಕಬೇಡಿರಮ್ಮಾ ಎಂದು ಗಿರಾಕಿಗಳನ್ನು ಬೇಡಿಕೊಳ್ಳುತ್ತ, ಯಾರೂ ಕಾಣದಾಗ ತಾನೇ ಹಿಸುಕುತ್ತಿದ್ದ. ತಮಾಷೆಯ ಜಾಹೀರಾತಾದರೂ ಅದರ ಹಿಂದೆ ನಿಜವಾದ ಗ್ರಾಹಕ ಜ್ಞಾನವಿತ್ತು. ಬಿಚ್ಚಿ ನೋಡಲಾಗದ ಮೃದುತ್ವವನ್ನು ಕೊಳ್ಳುವವರು ಹೊದಿಕೆಯ ಮೇಲಿನಿಂದಲೇ ಹಿಸುಕಿ ನೋಡುತ್ತಾರೆ. ಹೀಗಿರುವಾಗ ರೋಲನ್ನು ಬಿಗಿಯಾಗಿ ಸುತ್ತಿದರೆ ಹೆಚ್ಚು ಕಾಗದ ಅಡಕವಾಗುತ್ತದೆ, ಆದರೆ ಕೈಗೆ ಗಟ್ಟಿಯೆನಿಸುತ್ತದೆ; ಸಡಿಲವಾಗಿ ಸುತ್ತಿ ಮೇಲೆ ಉಬ್ಬುಚಿತ್ತಾರ ಒತ್ತಿದರೆ ಕಾಗದ ಕಡಿಮೆಯಾದರೂ ಮೆತ್ತಗೆ ಕೊಬ್ಬಿದಂತೆ ಕಾಣುತ್ತದೆ. ತೆಳುವಾದ ಪ್ಲಾಸ್ಟಿಕ್ ಹಾಳೆ ಈ ಹಿಸುಕಾಟಕ್ಕೆ ಅವಕಾಶ ಕೊಡುತ್ತದೆ, ದಪ್ಪ ರಟ್ಟು ಕೊಡುವುದಿಲ್ಲ. ಹೊದಿಕೆಯ ಆಯ್ಕೆಯಲ್ಲಿ ಕೈಬೆರಳಿಗೆ ಇಷ್ಟು ಪಾತ್ರವಿದ್ದರೂ, ಕಾಗದದ ಮೇಲೆ ಚಿತ್ರ ತೋರಿಸಿ ಮಾಡುವ ಸಮೀಕ್ಷೆಗಳಲ್ಲಿ ಬೆರಳಿಗೆ ಕೆಲಸವೇ ಇರುವುದಿಲ್ಲ.

ಲೂಯಿ ಚೆಸ್ಕಿನ್ ಎಂಬ ಸಂಶೋಧಕ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಕೊಳ್ಳುವವರು ಹೊದಿಕೆಯನ್ನೂ ಒಳಗಿನ ಪದಾರ್ಥವನ್ನೂ ಮನಸ್ಸಿನಲ್ಲಿ ಬೇರೆಬೇರೆಯಾಗಿ ಇಟ್ಟುಕೊಳ್ಳುವುದಿಲ್ಲ, ಹೊದಿಕೆಯಿಂದ ಹುಟ್ಟಿದ ಅನುಭವ ಒಳಗಿನ ಪದಾರ್ಥಕ್ಕೆ ವರ್ಗವಾಗಿಬಿಡುತ್ತದೆ ಎಂಬುದು ಅವರ ವಾದ. ಅವರ ಹೆಸರಿನ ಸಂಸ್ಥೆ ಮಾಡಿದ ಪರೀಕ್ಷೆಯಲ್ಲಿ ಸೆವೆನ್ ಅಪ್ ಡಬ್ಬಿಯ ಹಸಿರಿಗೆ ಸ್ವಲ್ಪ ಹಳದಿ ಬೆರೆಸಿದಾಗ, ಒಳಗಿನ ಪಾನೀಯ ಬದಲಾಗದಿದ್ದರೂ ಕುಡಿದವರು ನಿಂಬೆ ಜಾಸ್ತಿಯಾಗಿದೆ ಎಂದರು. ಟಿಶ್ಯೂವಿನಲ್ಲಿ ಇದನ್ನು ಯಾವ ಕಾಲೇಜಿನ ವಿದ್ಯಾರ್ಥಿಗಳಾದರೂ ಅಗ್ಗವಾಗಿ ಪರೀಕ್ಷಿಸಿ ನೋಡಬಹುದು. ಒಂದೇ ಕಂಪನಿಯ ಒಂದೇ ಕಟ್ಟಿನ ಹಾಳೆಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಸಾದಾ ಬಿಳಿಯ ಹೊದಿಕೆಯಲ್ಲೂ ಇನ್ನೊಂದನ್ನು ತಿಳಿಗುಲಾಬಿ ಬಣ್ಣದ, ಗರಿಯ ಚಿತ್ರವಿರುವ ಹೊದಿಕೆಯಲ್ಲೂ ಇಟ್ಟು, ಎರಡು ಬೇರೆ ಗುಂಪುಗಳಿಗೆ ಮನೆಗೆ ಕೊಟ್ಟು ಕಳುಹಿಸಬೇಕು. ವಾರದ ನಂತರ ಹೊದಿಕೆಯ ಮಾತೆತ್ತದೆ, ಹಾಳೆ ಎಷ್ಟು ಮೆತ್ತಗಿತ್ತು ಎಂದಷ್ಟೇ ಕೇಳಬೇಕು. ಎರಡು ಗುಂಪುಗಳ ಉತ್ತರದಲ್ಲಿ ವ್ಯತ್ಯಾಸ ಬಂದರೆ ಅದು ಹೊದಿಕೆಯ ಕೊಡುಗೆ. ಒಬ್ಬರ ಕೈಗೇ ಎರಡನ್ನೂ ಕೊಟ್ಟರೆ ಪರೀಕ್ಷೆ ಕೆಟ್ಟಿತು. ಹೋಲಿಸಿ ನೋಡಲೆಂದೇ ಕೊಟ್ಟಿದ್ದಾರೆಂದು ಗೊತ್ತಾದ ಕೂಡಲೇ ಮನುಷ್ಯ ಗ್ರಾಹಕನಾಗಿ ಉಳಿಯದೆ ತೀರ್ಪುಗಾರನಾಗುತ್ತಾನೆ.

ನೇರ ಪ್ರಶ್ನೆಯ ದೋಷ ಎಲ್ಲಕ್ಕಿಂತ ಹೆಚ್ಚಾಗಿ ಎದ್ದು ಕಾಣುವುದು ಪರಿಸರದ ವಿಷಯದಲ್ಲಿ. ಪ್ಲಾಸ್ಟಿಕ್ ಹೊದಿಕೆ ಬೇಕೇ, ಕಾಗದದ ಹೊದಿಕೆ ಬೇಕೇ ಎಂದು ಕೇಳಿದರೆ ಪ್ಲಾಸ್ಟಿಕ್ ಬೇಕೆಂದು ಹೇಳುವ ಧೈರ್ಯ ಎಷ್ಟು ಜನಕ್ಕಿದೆ? ಉತ್ತರ ಬರುವುದು ಕೊಳ್ಳುವ ಅಭ್ಯಾಸದಿಂದಲ್ಲ, ಪ್ರಶ್ನೆ ಕೇಳಿದವರ ಮುಂದೆ ಒಳ್ಳೆಯವರಾಗಿ ಕಾಣಬೇಕೆಂಬ ಬಯಕೆಯಿಂದ. ಇದನ್ನು ತಪ್ಪಿಸಲು 1971ರಲ್ಲಿ ಪಾಲ್ ಗ್ರೀನ್ ಮತ್ತು ವಿಠಲ ರಾವ್ ಮಾರುಕಟ್ಟೆ ಸಂಶೋಧನೆಗೆ ತಂದ ಕನ್‌ಜಾಯಿಂಟ್ ವಿಶ್ಲೇಷಣೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಪ್ಲಾಸ್ಟಿಕ್ಕೋ ಕಾಗದವೋ ಎಂದು ಬಿಡಿಯಾಗಿ ಕೇಳುವುದಿಲ್ಲ. ನೂರು ಹಾಳೆ, ಪ್ಲಾಸ್ಟಿಕ್ ಹೊದಿಕೆ, ಐವತ್ತು ರೂಪಾಯಿ ಎಂದೊಂದು ಚೀಟಿ, ನೂರು ಹಾಳೆ, ಕಾಗದದ ಹೊದಿಕೆ, ಅರವತ್ತು ರೂಪಾಯಿ ಎಂದು ಇನ್ನೊಂದು, ಎಂಬತ್ತು ಹಾಳೆ, ರಟ್ಟಿನ ಪೆಟ್ಟಿಗೆ, ಐವತ್ತೈದು ರೂಪಾಯಿ ಎಂದು ಮತ್ತೊಂದು, ಹೀಗೆ ಹತ್ತಾರು ಚೀಟಿಗಳನ್ನು ಮುಂದಿಟ್ಟು ಆರಿಸಿಕೊಳ್ಳಲು ಹೇಳಿ, ಆಯ್ಕೆಗಳ ಒಟ್ಟು ಲೆಕ್ಕದಿಂದ ಕಾಗದದ ಹೊದಿಕೆಗೆ ಅವರು ನಿಜವಾಗಿ ಎಷ್ಟು ರೂಪಾಯಿ ಕೊಡಲು ಸಿದ್ಧರೆಂಬುದನ್ನು ಹೊರತೆಗೆಯುತ್ತಾರೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾದಾಗಲಷ್ಟೇ ಇಷ್ಟದ ತೂಕ ಗೊತ್ತಾಗುತ್ತದೆ.

ಹಸಿರು ಹೊದಿಕೆಗೆ ಇನ್ನೂ ಒಂದು ತೊಡಕಿದೆ. ಮೈಕಲ್ ಲಕ್ಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಸರಸ್ನೇಹಿ ಎಂಬ ಮಾತು ಜನರ ಮನಸ್ಸಿನಲ್ಲಿ ಸೌಮ್ಯತೆಯೊಂದಿಗೆ ತಳುಕು ಹಾಕಿಕೊಂಡಿದೆ. ಮಗುವಿನ ಶಾಂಪೂವಿಗೆ ಅದು ಹೊಂದುತ್ತದೆ, ಕಾರು ತೊಳೆಯುವ ಶಾಂಪೂವಿಗೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಬೇಕಾದದ್ದು ಬಲ. ಕಾಗದದ ಸರಕಿಗೆ ಇದನ್ನು ಅನ್ವಯಿಸಿದರೆ, ಮುಖ ಒರೆಸುವ ಟಿಶ್ಯೂವಿನ ಮೇಲೆ ಹಸಿರೆಲೆಯ ಗುರುತು ನೆರವಾಗಬಹುದು, ಎಣ್ಣೆ ಬಿದ್ದ ಗ್ಯಾಸ್ ಕಟ್ಟೆ ಒರೆಸುವ ಕಿಚನ್ ರೋಲಿನ ಮೇಲೆ ಅದೇ ಗುರುತು ‘ಇದು ಹರಿದುಹೋದೀತು’ ಎಂಬ ಅನುಮಾನ ಹುಟ್ಟಿಸಬಹುದು ಎಂಬುದು ನನ್ನ ಊಹೆ. 2012ರಲ್ಲಿ ಶುರುವಾದ ಆಸ್ಟ್ರೇಲಿಯದ ಹೂ ಗಿವ್ಸ್ ಎ ಕ್ರ್ಯಾಪ್ ಎಂಬ ಕಂಪನಿ ಪ್ರತಿ ರೋಲನ್ನೂ ಬಣ್ಣಬಣ್ಣದ ಕಾಗದದಲ್ಲಿ ಸುತ್ತಿ ಮಾರಿ ಗೆದ್ದಿದೆ ಎಂಬ ಮಾತನ್ನು ಯಾರಾದರೂ ಎತ್ತಬಹುದು. ನಿಜ, ಆದರೆ ಅದರ ವ್ಯಾಪಾರ ಬೆಳೆದದ್ದು ಆನ್‌ಲೈನಿನಲ್ಲಿ. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಸೀದಾ ಮನೆಗೆ ಬರುವ ರೋಲಿಗೆ ಅಂಗಡಿಯ ಕಪಾಟಿನ ಧೂಳಿನ ಭಯವೂ ಇಲ್ಲ, ಅಕ್ಕಪಕ್ಕದವರ ಪೈಪೋಟಿಯೂ ಇಲ್ಲ. ಅಂದಹಾಗೆ, ಪರಿಸರದ ಮೇಲಿನ ಭಾರದಲ್ಲಿ ದೊಡ್ಡ ಪಾಲು ಹೊದಿಕೆಯದಲ್ಲ, ಒಳಗಿನ ಕಾಗದದ್ದು. ಅದಕ್ಕೆ ಬೇಕಾಗುವ ತಿರುಳು, ನೀರು, ಒಣಗಿಸಲು ಸುಡುವ ಇಂಧನ ಇವುಗಳ ಬಗ್ಗೆ ಹೊದಿಕೆ ತುಟಿ ಬಿಚ್ಚುವುದಿಲ್ಲ.

ಈ ವಿಧಾನಗಳನ್ನು ನಮ್ಮಲ್ಲಿಗೆ ತರುವವರು ಒಂದು ವ್ಯತ್ಯಾಸವನ್ನು ಮರೆಯಬಾರದು. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರು ‘ಸತ್ಯದ ಮೊದಲ ಕ್ಷಣ’ ಎಂದು ಕರೆದದ್ದು, ಗಿರಾಕಿ ಕಪಾಟಿನ ಮುಂದೆ ನಿಂತು ನಿರ್ಧರಿಸುವ ಕೆಲವೇ ಸೆಕೆಂಡುಗಳನ್ನು. ಕಿರಾಣಿ ಅಂಗಡಿಯಲ್ಲಿ ಆ ಸೆಕೆಂಡುಗಳು ಗಿರಾಕಿಯ ಕೈಯಲ್ಲಿರುವುದಿಲ್ಲ. ‘ಅಣ್ಣಾ, ಒಂದು ಟಿಶ್ಯೂ ಪ್ಯಾಕೆಟ್ ಕೊಡಿ’ ಎಂದರೆ ಅವರು ಕೈಗೆಟುಕಿದ್ದನ್ನು ತೆಗೆದುಕೊಡುತ್ತಾರೆ. ಹಾಗಾಗಿ ಅಲ್ಲಿ ಹೊದಿಕೆ ಮೆಚ್ಚಿಸಬೇಕಾದದ್ದು ಅಂಗಡಿಯವರನ್ನು: ಕಡಿಮೆ ಜಾಗದಲ್ಲಿ ಅಡಕಬೇಕು, ಬಾಗಿಲ ಬಳಿ ನೇತುಹಾಕಲು ಬರಬೇಕು, ರಸ್ತೆಯ ಧೂಳಿಗೆ ಮಾಸಬಾರದು. ಇನ್ನು ಶಿರಸಿ, ತೀರ್ಥಹಳ್ಳಿ, ಮಡಿಕೇರಿಗಳ ಕಡೆ ಜುಲೈ ತಿಂಗಳಲ್ಲಿ ಕಾಗದದ ಹೊದಿಕೆಯ ಪರವಾಗಿ ಮಾತಾಡಲು ಹೋದರೆ ಕೇಳುವವರು ಸಿಗುವುದು ಕಷ್ಟ. ಗೋಡೆಯೇ ಬೆವರುವ ಆ ದಿನಗಳಲ್ಲಿ ಟಿಶ್ಯೂ ತೇವ ಹೀರಿಕೊಂಡು ಮುದ್ದೆಗಟ್ಟುತ್ತದೆ. ಅಲ್ಲಿನ ಗೃಹಿಣಿ ಪ್ಲಾಸ್ಟಿಕ್ ಬೇಕೆಂದರೆ ಅದು ಅಜ್ಞಾನವಲ್ಲ, ಅನುಭವ. ಅದೇ ಪ್ರಶ್ನೆಗೆ ಬಳ್ಳಾರಿಯಲ್ಲಿ ಬರುವ ಉತ್ತರ ಬೇರೆ. ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲಿ ನಿಂತು ಬೇಸಿಗೆಯಲ್ಲಿ ಮಾಡಿದ ಸಮೀಕ್ಷೆಯನ್ನು ಇಡೀ ರಾಜ್ಯದ ಅಭಿಪ್ರಾಯವೆಂದು ಮಂಡಿಸುವ ವರದಿಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಪರಿಮಾಣದ ವಿಷಯ ಉಳಿಯುತ್ತದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಪಿಯರ್ ಶಾಂಡೋನ್ ಮತ್ತು ನೈಲ್ಯಾ ಒರ್ದಬಾಯೆವಾ 2009ರಲ್ಲಿ ತೋರಿಸಿದಂತೆ, ಪೊಟ್ಟಣದ ಉದ್ದವೊಂದನ್ನೇ ಬದಲಿಸಿದರೆ ಜನರ ಕಣ್ಣಿಗೆ ಬೀಳುತ್ತದೆ. ಉದ್ದ, ಅಗಲ, ಎತ್ತರ ಮೂರನ್ನೂ ಸ್ವಲ್ಪಸ್ವಲ್ಪ ಬದಲಿಸಿದರೆ ಬದಲಾವಣೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮದುವೆ ಮನೆಯ ಪೇಪರ್ ನ್ಯಾಪ್‌ಕಿನ್ನನ್ನೇ ತೆಗೆದುಕೊಳ್ಳಿ. 30 ಸೆಂಟಿಮೀಟರ್ ಚೌಕದ ಹಾಳೆ 27 ಸೆಂಟಿಮೀಟರ್ ಚೌಕವಾದರೆ ಪ್ಯಾಕೆಟ್ಟಿನ ಮೇಲೆ ಈಗಲೂ ನೂರು ಹಾಳೆ ಎಂದೇ ಇರುತ್ತದೆ, ಮಡಿಚಿಟ್ಟಾಗ ಕಾಣುವ ವ್ಯತ್ಯಾಸ ಒಂದು ಬೆರಳಿನಷ್ಟೂ ಇಲ್ಲ. ಆದರೆ 900 ಚದರ ಸೆಂಟಿಮೀಟರ್ ಇದ್ದದ್ದು 729ಕ್ಕೆ ಇಳಿದು, ನೂರಕ್ಕೆ ಹತ್ತೊಂಬತ್ತು ಪಾಲು ಕಾಗದ ಮಾಯವಾಗಿರುತ್ತದೆ. ರೋಲಿನಲ್ಲಿ ಈ ಲೆಕ್ಕ ಇನ್ನೂ ಜಾಣತನದ್ದು. ಸುತ್ತಿದ ಕಾಗದದ ಉದ್ದ ಹೊರವ್ಯಾಸದ ವರ್ಗದಲ್ಲಿ ಒಳಗಿನ ರಟ್ಟಿನ ಕೊಳವೆಯ ವ್ಯಾಸದ ವರ್ಗವನ್ನು ಕಳೆದಾಗ ಉಳಿಯುವುದಕ್ಕೆ ತಕ್ಕಂತಿರುತ್ತದೆ. 12 ಸೆಂಟಿಮೀಟರಿನ ರೋಲು, 4 ಸೆಂಟಿಮೀಟರಿನ ಕೊಳವೆ ಇದ್ದಲ್ಲಿ 144ರಿಂದ 16 ಕಳೆದು 128. ಹೊರವ್ಯಾಸವನ್ನು 11ಕ್ಕೆ ಇಳಿಸಿ, ಕೊಳವೆಯನ್ನು ನಾಲ್ಕೂವರೆಗೆ ಏರಿಸಿದರೆ 121ರಿಂದ ಸುಮಾರು 20 ಕಳೆದು 101. ಕಣ್ಣಿಗೆ ಕಂಡದ್ದು ಒಂದು ಸೆಂಟಿಮೀಟರ್, ಕೈತಪ್ಪಿದ್ದು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು. ಗ್ರಾಹಕರ ಕಣ್ಣು ಎಲ್ಲಿ ಎಡವುತ್ತದೆಂಬ ಸಂಶೋಧನೆ ಯಾರ ಕೈಯಲ್ಲಿದೆಯೋ ಅವರಿಗೆ ಅದು ಲಾಭವನ್ನೂ ತಂದುಕೊಡುತ್ತದೆ.

ಸರಕಾರಗಳು ಇದನ್ನು ಗಮನಿಸದೆ ಇಲ್ಲ. ಬೆಲೆ ಇಳಿಸದೆ ಪರಿಮಾಣ ಇಳಿಸಿದ ಸರಕಿನ ಬಳಿ ಆ ಸಂಗತಿಯನ್ನು ಬರೆದು ಹಾಕಬೇಕೆಂದು ಫ್ರಾನ್ಸ್ 2024ರ ಜುಲೈ 1ರಿಂದ ದೊಡ್ಡ ಅಂಗಡಿಗಳಿಗೆ ಕಡ್ಡಾಯ ಮಾಡಿದೆ. ನಮ್ಮಲ್ಲಿ 2011ರ ಕಾನೂನು ಮಾಪನ ಪೊಟ್ಟಣ ಸರಕು ನಿಯಮಗಳಿಗೆ ತಂದ ತಿದ್ದುಪಡಿಯಂತೆ ಎಮ್ಮಾರ್ಪಿಯ ಜೊತೆಗೆ ಬಿಡಿ ಪ್ರಮಾಣದ ಬೆಲೆಯನ್ನೂ ಅಚ್ಚು ಹಾಕಬೇಕು. ಗ್ರಾಮಿಗೆ ಎಷ್ಟು, ಮಿಲಿಲೀಟರಿಗೆ ಎಷ್ಟು, ಎಣಿಸಿ ಮಾರುವ ಸರಕಾದರೆ ಒಂದಕ್ಕೆ ಎಷ್ಟು ಎಂದು. ಒಳ್ಳೆಯ ನಿಯಮ. ಆದರೆ ಟಿಶ್ಯೂ ಪೆಟ್ಟಿಗೆಯಲ್ಲಿ ‘ಒಂದು’ ಎಂದರೆ ಯಾವುದು? ಪೆಟ್ಟಿಗೆಯ ಮೇಲೆ ನೂರು ಪುಲ್, ಎರಡು ಪದರ, ಇನ್ನೂರು ಹಾಳೆ ಎಂದಿರುತ್ತದೆ. ಎಳೆದಾಗ ಕೈಗೆ ಬರುವುದು ಎರಡು ಹಾಳೆ ಸೇರಿದ ಒಂದು ಪುಲ್. ಇಂಥ ಪೆಟ್ಟಿಗೆಗೆ ತೊಂಬತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಪುಲ್ಲಿಗೆ ತೊಂಬತ್ತು ಪೈಸೆ. ಪಕ್ಕದ ಪೆಟ್ಟಿಗೆ ಎಪ್ಪತ್ತೈದು ಪುಲ್, ನೂರೈವತ್ತು ಹಾಳೆ, ಎಪ್ಪತ್ತು ರೂಪಾಯಿ. ಅವರು ಹಾಳೆಯ ಲೆಕ್ಕದಲ್ಲಿ ನಲವತ್ತೇಳು ಪೈಸೆ ಎಂದು ಹಾಕಿದರೆ, ನಿಜದಲ್ಲಿ ತುಸು ತುಟ್ಟಿಯಾದ ಪೆಟ್ಟಿಗೆ ಅರ್ಧ ಬೆಲೆಯದಾಗಿ ಕಾಣುತ್ತದೆ. ನಾನು ಸಮೀಕ್ಷೆ ಮಾಡುವುದಾದರೆ ಈ ಎರಡು ಪೆಟ್ಟಿಗೆಗಳನ್ನು ಕೈಗೆ ಕೊಟ್ಟು, ಯಾವುದು ಚೆಂದ ಎಂದು ಕೇಳದೆ, ಯಾವುದು ಅಗ್ಗ ಎಂದು ಕೇಳಿ, ಉತ್ತರಕ್ಕೆ ಎಷ್ಟು ಹೊತ್ತು ಬೇಕಾಯಿತೆಂದು ಬರೆದುಕೊಳ್ಳುತ್ತೇನೆ.

ಉಪನ್ಯಾಸದ ನಂತರ ಸಭಿಕರೊಬ್ಬರು, ಹಾಗಾದರೆ ಕಾಗದವನ್ನು ತೂಕದ ಮೇಲೆ ಮಾರಬಾರದೇಕೆ ಎಂದು ಕೇಳಿದರು. ಪ್ರಶ್ನೆ ಚೆನ್ನಾಗಿದೆ. ಉಬ್ಬುಚಿತ್ತಾರ ಒತ್ತಿ ಕೊಬ್ಬಿಸಿದ ರೋಲಿನ ಗುಟ್ಟು ತಕ್ಕಡಿಯ ಮೇಲೆ ಬಯಲಾಗುತ್ತದೆ. ಮಳೆಗಾಲದಲ್ಲಿ ತೇವ ಹೀರಿ ತೂಕ ಕೊಂಚ ಏರುವ ತೊಂದರೆಯಿದೆ, ಅದಕ್ಕೆ ಪ್ರಯೋಗಾಲಯಗಳಲ್ಲಿ ನಿಗದಿತ ಉಷ್ಣತೆ ಮತ್ತು ತೇವಾಂಶದಲ್ಲಿ ಇಟ್ಟು ತೂಗುವ ಪದ್ಧತಿಯೂ ಇದೆ. ಮನೆಬಳಕೆಯ ಗಿರಾಕಿಗೆ ಒಟ್ಟು ಎಷ್ಟು ಚದರ ಮೀಟರ್ ಕಾಗದ ಎಂಬುದೂ, ಚದರ ಮೀಟರಿಗೆ ಎಷ್ಟು ಗ್ರಾಮ್ ಎಂಬುದೂ ತಿಳಿದರೆ ಸಾಕಾಗುತ್ತದೆ. ಹೋಟೆಲಿನವರು ಸಗಟು ವ್ಯಾಪಾರಿಯ ಹತ್ತಿರ ಜಿಎಸ್ಸೆಮ್ (ಅಂದರೆ ಚದರ ಮೀಟರಿಗೆ ಗ್ರಾಮ್) ಎಷ್ಟು, ಕಿಲೋಗೆ ಎಷ್ಟು ಎಂದು ವಿಚಾರಿಸಿಯೇ ನ್ಯಾಪ್‌ಕಿನ್ ಕೊಳ್ಳುತ್ತಾರೆ; ಮನೆಗೆ ಒಯ್ಯುವ ಪ್ಯಾಕೆಟ್ಟಿನ ಮೇಲೂ ಆ ಸಂಖ್ಯೆಗಳನ್ನು ಅಚ್ಚು ಹಾಕಲು, ಹೂಬಳ್ಳಿಯ ಚಿತ್ರದಲ್ಲಿ ಒಂದೆರಡು ಎಲೆ ಕಡಿಮೆ ಮಾಡಿದರೆ ಜಾಗ ಸಿಗುತ್ತದೆ.